ಸಂತೆಯೆಂಬ ಹೆಸರಿನ ಪಟ್ಟಣ

ಮನೆಗೆ ಬಾಗಿಲನ್ನು ಇಡುವುದು ಏತಕ್ಕೆ ಎಂದು ನಾವು ಪಾಠಶಾಲೆಯಲ್ಲಿದ್ದ ಕಾಲದಲ್ಲಿ ಮಕ್ಕಳನ್ನು ಕೇಳುತ್ತಿದ್ದುದುಂಟು. ಕಳ್ಳರು ಒಳಗೆ ಬಾರದಿರಲೆಂದು ಕೆಲವರೂ, ನೆಂಟರಿಷ್ಟರು ಒಳಗೆ ಬರಲೆಂದು ಕೆಲವರೂ ಉತ್ತರ ಕೊಡುತ್ತಿದ್ದರು. ಎರಡು ಉತ್ತರಗಳೂ ಸರಿಯೆಂದೇ ನಾವು ಒಪ್ಪುತ್ತಿದ್ದೆವು. ಸುತ್ತಲೂ ಗೋಡೆಯೇ ಇದ್ದರೆ ಅದು ಸೆರೆಮನೆ. ಗೋಡೆಯೇ ಇಲ್ಲದಿದ್ದರೆ ಅದು ಬೀದಿ. ಯಾರಿಗೆ, ಯಾವ ಹೊತ್ತಿನಲ್ಲಿ, ಎಷ್ಟು ಬಾಗಿಲನ್ನು ತೆರೆಯಬೇಕೆಂಬುದನ್ನು ಬಲ್ಲವನೇ ಗೃಹಸ್ಥನು. ಮನೆಗೆ ಸಲ್ಲುವ ಈ ಮಾತು ಊರಿಗೂ ಸಲ್ಲುವುದು. ಇದಕ್ಕೆ ನಿದರ್ಶನವಾಗಿ ಎರಡೂವರೆ ಸಾವಿರ ವರ್ಷಗಳಿಗೂ ಮಿಕ್ಕಿದ ಕಾಲದಿಂದ ಬಾಗಿಲಿನ ಚಿಂತೆಯಲ್ಲಿಯೇ ಬದುಕಿರುವ ಒಂದು ಊರಿನ ಕಥೆಯನ್ನು ಈ ತಿಂಗಳು ವಾಚಕರಿಗೆ ನಿವೇದಿಸುತ್ತೇವೆ.

ಸ್ಪೇನ್ ದೇಶದ ಈಶಾನ್ಯ ಮೂಲೆಯಲ್ಲಿ, ಫ್ರಾನ್ಸಿನ ಗಡಿಗೆ ಸಮೀಪವಾಗಿ, ಕ್ಯಾಟಲೋನಿಯವೆಂಬ ಪ್ರಾಂತವಿರುವುದು. ಅಲ್ಲಿಯ ಜನರ ಮನೆಮಾತು ಕ್ಯಾಟಲನ್. ಅದು ಸ್ಪ್ಯಾನಿಷ್ ಭಾಷೆಗೆ ಸೋದರಿಯೇ ಹೊರತು ಅದರ ಉಪಭಾಷೆಯಲ್ಲ. ಈ ಪ್ರಾಂತದ ಕಡಲತೀರದಲ್ಲಿ ರೋಸೆಸ್ ಎಂಬ ಕೊಲ್ಲಿಯುಂಟು. ಕೊಲ್ಲಿಯ ದಕ್ಷಿಣದ ತುದಿಯಲ್ಲಿ ಲೆಸ್ಕಾಲ ಎಂಬ ಪಟ್ಟಣವಿದೆ. ಅದಕ್ಕೆ ತಗುಲಿಕೊಂಡಂತೆ, ದಡದ ಮೇಲೆಯೇ, ಎಂಪೂರಿಯೆಸ್ ಎಂಬ ಹಾಳುಪಟ್ಟಣದ ಅವಶೇಷಗಳೂ, ಇನ್ನೂ ಸ್ವಲ್ಪ ಉತ್ತರಕ್ಕೆ ಸಾಂತ್ ಮರ್ತಿ ಎಂಬ ದಿಣ್ಣೆಯ ಮೇಲಣ ಪುಟ್ಟ ಹಳ್ಳಿಯೂ ಇರುವುವು. ನೋಡುವವರಿಗೆ ಇವು ಮೂರು ಊರುಗಳು. ಚರಿತ್ರೆಯನ್ನು ಓದುವವರಿಗೆ ಒಂದೇ ಊರು. ಒಂದೇ ಕುಟುಂಬವು ಹಳೆಯ ಮನೆ ಶಿಥಿಲವಾದಾಗ ಪಕ್ಕದ ನಿವೇಶನದಲ್ಲಿ ಹೊಸದನ್ನು ಕಟ್ಟಿಕೊಳ್ಳುವಂತೆ ಆ ಊರು ಕಾಲಕಾಲಕ್ಕೆ ತಾನಿರುವ ಸ್ಥಳವನ್ನು ಬದಲಿಸಿತು.

ಸಾಂತ್ ಮರ್ತಿಯ ದಿಣ್ಣೆಯು ಪೂರ್ವದಲ್ಲಿ ಮುಕ್ಕಾಲು ಪಾಲು ನೀರಿನಿಂದ ಸುತ್ತುವರಿದಿತ್ತು. ಕಂಚಿನ ಯುಗದ ಅಂತ್ಯಭಾಗದಲ್ಲಿ, ಎಂದರೆ ಕ್ರಿಸ್ತನಿಗೆ ಸುಮಾರು ಒಂಬತ್ತು ಶತಮಾನಗಳ ಹಿಂದೆಯೇ, ಅಲ್ಲಿ ಜನರು ಗುಡಿಸಲುಗಳನ್ನು ಕಟ್ಟಿಕೊಂಡಿದ್ದರು. ಸಮೀಪದ ವಿಲನೇರ ಎಂಬಲ್ಲಿ ಆ ಕಾಲದ ಶ್ಮಶಾನವೊಂದು ದೊರೆತಿದೆ. ಅವರು ಸತ್ತವರನ್ನು ದಹನಮಾಡಿ, ಅಸ್ಥಿಯನ್ನು ಮಡಕೆಗಳಲ್ಲಿಟ್ಟು ಹೂಳುತ್ತಿದ್ದರು. ಆ ಸಮಾಧಿಗಳ ಪೈಕಿ ಕೆಲವದರಲ್ಲಿ ದೂರದ ಫಿನೀಷಿಯನ್ ನಾವಿಕರು ತಂದ ವಸ್ತುಗಳು ಸಿಕ್ಕಿರುವುವು. ಆದುದರಿಂದ ಈ ದಡಕ್ಕೆ ಪರಸ್ಥಳದವರ ಹಡಗು ಬರುವುದು ಯವನರ ಕಾಲಕ್ಕಿಂತಲೂ ಹಿಂದಿನ ಸಂಗತಿಯೆಂದು ತಿಳಿಯಬೇಕು.

ಈಗ ಯವನರ ವಿಷಯ. ನಮ್ಮ ಪುರಾಣೇತಿಹಾಸಗಳಲ್ಲಿ ಬರುವ ಯವನಶಬ್ದವು ಅಯೋನಿಯ ಎಂಬ ಗ್ರೀಕ್ ನಾಡಿನ ಹೆಸರಿನಿಂದ ಬಂದುದೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಆ ಅಯೋನಿಯವು ಈಗಿನ ತುರ್ಕಿಯ ಪಶ್ಚಿಮ ತೀರ. ಅಲ್ಲಿ ಫೋಕೇಯ ಎಂಬ ಬಂದರು ಪಟ್ಟಣವಿತ್ತು. ಆ ಪಟ್ಟಣದವರು ಮೆಡಿಟರೇನಿಯನ್ ಸಮುದ್ರದ ಪಶ್ಚಿಮದ ಕೊನೆಯವರೆಗೆ ಸಾಹಸದಿಂದ ಸಂಚರಿಸಿ, ಕ್ರಿ. ಪೂ. ೬೦೦ರ ಸುಮಾರಿಗೆ ಈಗಿನ ಫ್ರಾನ್ಸಿನ ಮಾರ್ಸೇಲ್ಸ್ ನಗರವನ್ನು ಸ್ಥಾಪಿಸಿದರು. ಅನಂತರ ಬಹುಕಾಲ ಕಳೆಯುವ ಮೊದಲೇ ಸಾಂತ್ ಮರ್ತಿಯ ದಿಣ್ಣೆಯಲ್ಲಿ ಬಿಡಾರ ಹೂಡಿದರು. ಕ್ರಿ. ಪೂ. ಆರನೆಯ ಶತಮಾನದ ಮಧ್ಯಭಾಗದಲ್ಲಿ ಎದುರಿನ ನೆಲದ ಮೇಲೆ ಇನ್ನೊಂದು ಪಟ್ಟಣವನ್ನೂ ಕಟ್ಟಿದರು. ಆ ಕಾಲಕ್ಕೇ ಪಾರಸಿಕರು ಅವರ ತಾಯೂರಾದ ಫೋಕೇಯವನ್ನು ವಶಪಡಿಸಿಕೊಂಡಿದ್ದರು. ಹೀಗೆ, ವ್ಯಾಪಾರಕ್ಕೆಂದು ಹಾಕಿದ ಬಿಡಾರವು ತಾಯೂರನ್ನು ಕಳೆದುಕೊಂಡ ಜನಕ್ಕೆ ಸ್ಥಿರವಾದ ನೆಲೆಯಾಯಿತು.

ಸಂಸ್ಕೃತವನ್ನು ಓದಿದವರಿಗೆ ಈ ಊರಿನ ಹೆಸರುಗಳು ಅಪರಿಚಿತವಾಗಿ ತೋರಲಾರವು. ಹೊಸ ಪಟ್ಟಣವನ್ನು ಈಗಿನ ವಿದ್ವಾಂಸರು ನೆಯಾಪೊಲಿಸ್ ಎಂದು ಕರೆಯುತ್ತಾರೆ. ಗ್ರೀಕಿನ ‘ನೆಯೊಸ್’ ಎಂಬುದು ನಮ್ಮ ‘ನವ’. ‘ಪೊಲಿಸ್’ ಎಂಬುದು ವೇದದ ‘ಪುರ್’ ಶಬ್ದಕ್ಕೆ ಬಂಧು. ಎಂದರೆ ಅದು ನವಪುರ. ಇಡೀ ಊರಿಗೆ ಯವನರಿಟ್ಟ ಹೆಸರು ಎಂಪೊರಿಯೊನ್. ಸಂತೆ ಅಥವಾ ವ್ಯಾಪಾರದ ಕಟ್ಟೆ ಎಂದು ಅದರ ಅರ್ಥ. ಗ್ರೀಕಿನಲ್ಲಿ ವರ್ತಕನನ್ನು ‘ಎಂಪೊರೊಸ್’ ಎನ್ನುವರು. ಮೂಲದಲ್ಲಿ ಆ ಶಬ್ದಕ್ಕೆ ಪ್ರಯಾಣ ಹೊರಟವನೆಂದೇ ಅರ್ಥ. ಇತರರು ತಮ್ಮ ಊರಿಗೆ ದೇವರ ಹೆಸರನ್ನೋ ರಾಜನ ಹೆಸರನ್ನೋ ಇಡುವಲ್ಲಿ ಇವರು ಸಂತೆಯೆಂದೇ ಹೆಸರಿಟ್ಟುಕೊಂಡರು. ಪರಸ್ಥಳದವರು ಬಾರದೆ ಹೋದರೆ ಸಂತೆಯಿಲ್ಲ. ಸಂತೆಯಿಲ್ಲದೆ ಹೋದರೆ ಊರಿಲ್ಲ.

ಆದರೆ ಈ ಸಂತೆಯ ಊರಿನವರು ತಮ್ಮ ಬಾಗಿಲನ್ನು ಹೇಗೆ ಇಟ್ಟುಕೊಂಡಿದ್ದರು? ರೋಮಿನ ಇತಿಹಾಸಕಾರನಾದ ಲಿವಿ ಎಂಬವನು ಇದನ್ನು ವಿಸ್ತಾರವಾಗಿ ವರ್ಣಿಸಿರುವನು. ಅವನು ಹೇಳುವಂತೆ, ಯವನರ ಪಟ್ಟಣವೂ ಆ ನಾಡಿನ ಮೂಲನಿವಾಸಿಗಳಾದ ಐಬೀರಿಯರ ಪಟ್ಟಣವೂ ಒಂದೇ ಗೋಡೆಯನ್ನು ನಡುವೆ ಇಟ್ಟುಕೊಂಡು ಅಕ್ಕಪಕ್ಕದಲ್ಲಿದ್ದುವು. ಯವನರ ಭಾಗವು ಚಿಕ್ಕದು, ಸಮುದ್ರಕ್ಕೆ ತೆರೆದುದು. ಐಬೀರಿಯರ ಭಾಗವು ಬಹು ದೊಡ್ಡದು. ನೆಲದ ಕಡೆಗೆ ಯವನರಿಗೆ ಇದ್ದುದು ಒಂದೇ ಬಾಗಿಲು. ಹಗಲೆಲ್ಲ ಅಧಿಕಾರಿಯೊಬ್ಬನು ಅದನ್ನು ಕಾಯುತ್ತಿದ್ದನು. ರಾತ್ರಿಯಲ್ಲಿ ಪುರಜನರ ಮೂರರಲ್ಲಿ ಒಂದು ಪಾಲು ಗೋಡೆಯ ಮೇಲೆ ಎಚ್ಚರವಾಗಿರುತ್ತಿದ್ದರು. ಯಾವ ಐಬೀರಿಯನನ್ನೂ ಒಳಗೆ ಬಿಡುತ್ತಿರಲಿಲ್ಲ. ತಾವು ಹೊರಗೆ ಹೋಗಬೇಕಾದರೆ ಗುಂಪಾಗಿಯೇ ಹೋಗುತ್ತಿದ್ದರು. ಆದರೂ ವ್ಯಾಪಾರ ನಿಲ್ಲಲಿಲ್ಲ. ಐಬೀರಿಯರಿಗೆ ನೌಕಾವಿದ್ಯೆ ತಿಳಿಯದು. ಹಡಗಿನಲ್ಲಿ ಬಂದ ಸರಕು ಬೇಕು, ತಮ್ಮ ಹೊಲದ ಬೆಳೆ ಮಾರಾಟವಾಗಬೇಕು. ಆದುದರಿಂದ ಅವರ ಪಟ್ಟಣದ ಬಾಗಿಲು ಮಾತ್ರ ಯವನರಿಗೆ ತೆರೆದೇ ಇರುತ್ತಿತ್ತು.

ಇದನ್ನು ಮೊದಲು ಓದಿದಾಗ ನಮಗೆ ನಗುವೂ ಬಂತು, ಕನಿಕರವೂ ಆಯಿತು. ಬಂದವನು ಬಾಗಿಲು ಹಾಕಿಕೊಂಡು ನಿದ್ರೆಗೆಡುತ್ತಿದ್ದಾನೆ; ನೆಲದ ಒಡೆಯನು ಬಾಗಿಲು ತೆಗೆದು ಅವನನ್ನು ಕರೆಯುತ್ತಿದ್ದಾನೆ! ಆದರೆ ಯವನರನ್ನು ಹಳಿದು ಪ್ರಯೋಜನವಿಲ್ಲ. ಅವರು ಅಲ್ಪಸಂಖ್ಯಾತರು, ಸಹಾಯಕ್ಕೆ ಕೂಗಿದರೆ ಕೇಳಿಸಿಕೊಳ್ಳಬಲ್ಲ ಬಂಧುಗಳು ಸಮುದ್ರದಾಚೆ ಇದ್ದವರು. ಬಲಹೀನನಿಗೆ ಎಚ್ಚರವೇ ಕವಚ.

ಗೋಡೆ ಎಷ್ಟೇ ಗಟ್ಟಿಯಾಗಿರಲಿ, ಅಗತ್ಯವೆಂಬುದು ಅದರಲ್ಲಿ ಕಂಡಿಯನ್ನು ಕೊರೆಯದೆ ಬಿಡುವುದಿಲ್ಲ. ೧೯೮೫ರಲ್ಲಿ ನೆಯಾಪೊಲಿಸ್ಸಿನ ಭೂಮಿಯಲ್ಲಿ ಸೀಸದ ತಗಡಿನ ಮೇಲೆ ಕೊರೆದ ಪತ್ರವೊಂದು ದೊರೆಯಿತು. ಅಯೋನಿಯದ ಗ್ರೀಕಿನಲ್ಲಿರುವ ಈ ಪತ್ರವು ಕ್ರಿ. ಪೂ. ಆರನೆಯ ಶತಮಾನದ ಕೊನೆಯ ಸುಮಾರಿನದು. ವರ್ತಕನೊಬ್ಬನು ತನ್ನ ಕಾರ್ಯಕರ್ತನಿಗೆ ಸರಕಿನ ಮತ್ತು ಹಡಗಿನ ವಿಷಯದಲ್ಲಿ ಅಪ್ಪಣೆಗಳನ್ನು ಬರೆದಿರುವನು. ಇಂಥವನೊಡನೆ ವ್ಯವಹರಿಸು ಎಂದು ಅದರಲ್ಲಿ ಸೂಚಿಸಿರುವ ಬಸ್ಪೆದಸ್ ಎಂಬ ಹೆಸರು ಗ್ರೀಕಲ್ಲ, ಐಬೀರಿಯದ್ದು. ಗೋಡೆಯ ಆಚೆಯವನನ್ನು ನಂಬದೆ ಹಡಗು ಮುಂದೆ ಸಾಗದು ಎಂಬುದು ಆಗಲೇ ಅವರ ಅನುಭವಕ್ಕೆ ಬಂದಿತ್ತು. ಮುಂದೆ ಯವನರು ರೆಕ್ಕೆಯ ಕುದುರೆಯ ಮುದ್ರೆಯಿರುವ ಬೆಳ್ಳಿಯ ನಾಣ್ಯಗಳನ್ನು ಹೊಡೆಸಿದಾಗ, ಐಬೀರಿಯರೂ ಅದೇ ಮಾದರಿಯ ನಾಣ್ಯಗಳನ್ನು ತಮ್ಮ ಲಿಪಿಯಲ್ಲಿ ಹೊಡೆಸಿಕೊಂಡರು. ಈ ಐಬೀರಿಯರ ಪಂಗಡಕ್ಕೆ ಇಂಡಿಕೆಟಿ ಎಂದು ಹೆಸರು. ಹೆಸರಿನ ಸಾಮ್ಯವನ್ನು ಕಂಡು ಇವರನ್ನು ಹಿಂದೂದೇಶದವರೆಂದು ಯಾರೂ ಭ್ರಮಿಸಬಾರದು. ಹಾಗೆ ಹೇಳಲು ಯಾವ ಆಧಾರವೂ ಇಲ್ಲ.

ಕ್ರಿ. ಪೂ. ೨೧೮ರಲ್ಲಿ ಮೂರನೆಯವನು ಬಾಗಿಲಿಗೆ ಬಂದನು. ಕಾರ್ಥೇಜಿನ ಸೇನಾನಿಯಾದ ಹನ್ನಿಬಾಲನು ಆಲ್ಪ್ಸ್ ಪರ್ವತವನ್ನು ದಾಟಿ ಇಟಲಿಯ ಮೇಲೆ ಬೀಳಲು ಹೊರಟಿದ್ದ ವರ್ಷ ಅದು. ಅವನಿಗೆ ಸ್ಪೇನಿನಿಂದ ಒದಗುವ ಸಹಾಯವನ್ನು ಕತ್ತರಿಸುವುದಕ್ಕಾಗಿ ರೋಮಿನ ಗ್ನೇಯಸ್ ಸ್ಕಿಪಿಯೊ ಎಂಬವನು ಸೈನ್ಯಸಮೇತನಾಗಿ ಎಂಪೊರಿಯೊನ್ನಿನಲ್ಲಿ ಇಳಿದನು. ಸ್ಪೇನಿನ ನೆಲದ ಮೇಲೆ ರೋಮಿನ ಸೈನ್ಯವು ಕಾಲಿಟ್ಟುದು ಇಲ್ಲಿಯೇ ಮೊದಲು. ಯವನರು ಮಿತ್ರನೆಂದು ಸ್ವಾಗತಿಸಿದರು. ಕ್ರಿ. ಪೂ. ೧೯೫ರಲ್ಲಿ ಐಬೀರಿಯರ ದಂಗೆಯನ್ನು ಅಡಗಿಸಲು ಕ್ಯಾಟೊ ಎಂಬ ಕಾನ್ಸಲನು ಬಂದು ಇಲ್ಲಿಯೇ ಪಾಳೆಯ ಬಿಟ್ಟನು. ಅವನು ಧಾನ್ಯದ ಗುತ್ತಿಗೆದಾರರನ್ನು ರೋಮಿಗೆ ಹಿಂದಿರುಗಿಸಿ, ಸೈನ್ಯದ ಹೊಟ್ಟೆಯನ್ನು ಯುದ್ಧವೇ ಹೊರೆಯುವುದೆಂದು ತಿಳಿಸಿದನಂತೆ. ಎಂದರೆ ಸುತ್ತಣ ರೈತರ ಕಣಜವೇ ಗತಿಯೆಂದಾಯಿತು. ನೆಂಟನಾಗಿ ಬಂದವನು ಮನೆಯ ಯಜಮಾನನಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಕ್ರಿ. ಪೂ. ೧೦೦ರ ಸುಮಾರಿಗೆ ಪಕ್ಕದ ದಿಬ್ಬದ ಮೇಲೆ, ಚದುರಂಗದ ಹಲಗೆಯಂತೆ ನೇರ ಬೀದಿಗಳುಳ್ಳ ರೋಮನ್ ಪಟ್ಟಣವು ಎದ್ದಿತು. ಮುಂದೆ ಜೂಲಿಯಸ್ ಸೀಸರನು ತನ್ನ ನಿವೃತ್ತ ಯೋಧರನ್ನು ಅಲ್ಲಿ ನೆಲೆಗೊಳಿಸಿದನು.

ಇಲ್ಲಿಂದ ಮುಂದಿನ ಸಂಗತಿಯೇ ಈ ಕಥೆಯ ಸಾರ. ಸ್ಟ್ರಾಬೊ ಎಂಬ ಭೂಗೋಳಜ್ಞನು, ಕಾಲಕ್ರಮದಲ್ಲಿ ಯವನರೂ ಐಬೀರಿಯರೂ ಒಂದೇ ಆಡಳಿತಕ್ಕೆ ಸೇರಿ, ಇಬ್ಬರ ಧರ್ಮಶಾಸನಗಳನ್ನೂ ಬೆರೆಸಿಕೊಂಡರೆಂದು ಬರೆದಿರುವನು. ಲಿವಿಯೂ, ತನ್ನ ಕಾಲಕ್ಕೆ ರೋಮನರನ್ನೂ ಸೇರಿಸಿಕೊಂಡು ಮೂವರೂ ಒಂದೇ ಜನವಾಗಿದ್ದರೆಂದು ಹೇಳುತ್ತಾನೆ. ಲ್ಯಾಟಿನ್ ಭಾಷೆಯಲ್ಲಿ ಊರಿನ ಹೆಸರು ಎಂಪೊರಿಯೇ ಎಂದು ಬಹುವಚನವಾಯಿತು; ‘ಸಂತೆಗಳು’ ಎಂದಂತೆ. ರಾತ್ರಿಯೆಲ್ಲ ಕಾವಲು ಕಾಯ್ದ ಆ ಗೋಡೆಯನ್ನು ಯಾವ ಶತ್ರುವೂ ಕೆಡವಲಿಲ್ಲ. ಗೋಡೆಯ ಎರಡು ಕಡೆಯವರಿಗೂ ಅದು ಬೇಡವಾಯಿತು, ಅಷ್ಟೆ.

ನೆಯಾಪೊಲಿಸ್ಸಿನ ಒಂದು ಮನೆಯ ಭೋಜನಶಾಲೆಯಲ್ಲಿ, ಅತಿಥಿಗಳು ಒರಗಿ ಊಟಮಾಡುತ್ತಿದ್ದ ಸ್ಥಳದ ನೆಲದ ಮೇಲೆ, ಸಣ್ಣ ಕಲ್ಲುಗಳಿಂದ ಜೋಡಿಸಿದ ಒಂದೇ ಒಂದು ಗ್ರೀಕ್ ಪದವಿದೆ: ‘ಹೇಡುಕೊಯ್ತೊಸ್’. ಈ ಪದದ ಮುಂದೆ ನಮ್ಮಂಥ ವ್ಯಾಕರಣದ ಮೇಷ್ಟರು ಸ್ವಲ್ಪ ಹೊತ್ತು ನಿಲ್ಲುವುದನ್ನು ವಾಚಕರು ಕ್ಷಮಿಸಬೇಕು. ‘ಹೇಡು’ ಎಂಬುದು ಸಂಸ್ಕೃತದ ‘ಸ್ವಾದು’ ಶಬ್ದವೇ. ‘ಕೊಯ್ತೊಸ್’ ಎಂಬುದು ನಮ್ಮ ಶಯನದಲ್ಲಿರುವ ‘ಶೀ’ ಧಾತುವಿಗೆ ಜ್ಞಾತಿ. ಒರಗಲು ಸುಖವಾದುದು, ಇಲ್ಲಿ ಹಾಯಾಗಿ ಒರಗಿರಿ, ಎಂದು ತಾತ್ಪರ್ಯ. ಬಾಗಿಲಿನಲ್ಲಿ ಕಾವಲುಗಾರನನ್ನು ಇಟ್ಟಿದ್ದ ಊರಿನ ನಡುಮನೆಯಲ್ಲಿ ಬಂದವನಿಗೆ ಇಂತಹ ಮಾತು ಬರೆದಿತ್ತೆಂಬುದು ನಮ್ಮ ಮನಸ್ಸಿಗೆ ಬಹಳ ಹಿಡಿಸಿತು.

ಕ್ರಿಸ್ತಶಕದ ಒಂದನೆಯ ಶತಮಾನದ ಕೊನೆಯಿಂದ ಊರು ಇಳಿಮುಖವಾಯಿತು. ತಾರಗೋನ, ಬಾರ್ಸಿಲೋನಗಳು ಬೆಳೆದುವು. ಸರಕು ಆ ಕಡೆಗೆ ತಿರುಗಿತು. ಬಂದರಿನಲ್ಲಿ ಹೂಳು ತುಂಬಿತು. ಹಡಗುಗಳು ನಿಲ್ಲುತ್ತಿದ್ದ ತಾಣದಲ್ಲಿ ಈಗ ಹೊಲಗಳಿವೆ. ಅಲೆಯನ್ನು ತಡೆಯಲು ಕಟ್ಟಿದ ಭಾರಿ ಕಲ್ಲಿನ ಕಟ್ಟೆಯೊಂದು ಮಾತ್ರ ದಡದ ಮರಳಿನಲ್ಲಿ ಇಂದಿಗೂ ನಿಂತಿದೆ. ಮೂರನೆಯ ಶತಮಾನ ಮುಗಿಯುವ ಹೊತ್ತಿಗೆ ದಿಬ್ಬದ ಮೇಲಣ ಪಟ್ಟಣವು ಬರಿದಾಗಿ, ಉಳಿದ ಜನರು ಪೂರ್ವಿಕರ ಮೊದಲ ನೆಲೆಯಾದ ಸಾಂತ್ ಮರ್ತಿಯ ದಿಣ್ಣೆಗೆ ಹಿಂದಿರುಗಿದರು. ನೆಯಾಪೊಲಿಸ್ಸು ಶ್ಮಶಾನವಾಯಿತು. ಆರು, ಏಳನೆಯ ಶತಮಾನಗಳಲ್ಲಿ ಇಲ್ಲಿ ಕ್ರೈಸ್ತ ಬಿಷಪ್ಪರ ಪೀಠವಿತ್ತು. ಅನಂತರ ಎಂಪೂರಿಯೆಸ್ಸಿನ ಕೌಂಟರೆಂಬ ಪಾಳೆಯಗಾರರು ಇಲ್ಲಿಂದ ಆಳಿದರು. ಅವರೂ ಕಡಲ ಭಯದಿಂದ ರಾಜಧಾನಿಯನ್ನು ಒಳನಾಡಿಗೆ ಸಾಗಿಸಿದರು. ಆದರೂ ಸುತ್ತಣ ಸೀಮೆಗೆ ಎಂಪೊರ್ದಾ ಎಂಬ ಹೆಸರು ಇಂದಿಗೂ ಉಳಿದಿದೆ. ಊರು ಮಣ್ಣಾದರೂ ಸಂತೆಯ ಹೆಸರು ಅಳಿಯಲಿಲ್ಲ.

ಹದಿನಾರನೆಯ ಶತಮಾನದಲ್ಲಿ ಸಾಂತ್ ಮರ್ತಿಯ ಬೆಸ್ತರು ದಕ್ಷಿಣದ ಸಣ್ಣ ರೇವಿನಲ್ಲಿ ಗುಡಿಸಲು ಹಾಕಿಕೊಂಡರು. ಅದೇ ಲೆಸ್ಕಾಲ, ಹಡಗು ತಂಗುವ ಸ್ಥಳವೆಂದು ಆ ಹೆಸರಿನ ಭಾವ. ಆ ಶತಮಾನದ ಕೊನೆಯಲ್ಲಿ, ಕಡಲುಗಳ್ಳರನ್ನು ದೂರದಿಂದಲೇ ಕಾಣುವುದಕ್ಕಾಗಿ, ಮೊಂಗೋ ಎಂಬ ಭೂಶಿರದ ಮೇಲೆ ಕಾವಲು ಗೋಪುರವನ್ನು ಕಟ್ಟಿದರು. ಎರಡು ಸಾವಿರ ವರ್ಷಗಳ ತರುವಾಯ ಊರು ಪುನಃ ರಾತ್ರಿ ಎಚ್ಚರವಿರಬೇಕಾಯಿತು! ಹದಿನೇಳನೆಯ ಶತಮಾನದ ಅಂತ್ಯಕ್ಕೆ ದಡದಲ್ಲಿ ದೊಡ್ಡ ಉಪ್ಪಿನ ಉಗ್ರಾಣವೊಂದು ಸಿದ್ಧವಾಯಿತು. ಉಪ್ಪು ಸರ್ಕಾರದ ಹತೋಟಿಯಲ್ಲಿದ್ದ ಕಾಲ ಅದು; ಸುತ್ತಣ ಸೀಮೆಗೆಲ್ಲ ಇಲ್ಲಿಂದಲೇ ಉಪ್ಪು ಹೋಗಬೇಕು. ಊರಿನ ಭಾಗ್ಯವು ಮೀನು ಮತ್ತು ಉಪ್ಪು ಎಂಬ ಈ ಎರಡರ ಮೇಲೆ ನಿಂತಿತು.

ಅಲ್ಲಿ ಹೆಸರಾದುದು ಆಂಚೊವಿ ಎಂಬ ಬೆರಳುದ್ದದ ಮೀನು. ಶಾಕಾಹಾರಿಗಳಾದ ನಮಗೆ ಅದರ ರುಚಿಯ ವಿಷಯದಲ್ಲಿ ತೀರ್ಪು ಹೇಳುವ ಅಧಿಕಾರವಿಲ್ಲ. ಆದರೆ ಅದನ್ನು ಸಿದ್ಧಪಡಿಸುವ ಕ್ರಮವನ್ನು ಕೇಳಿದರೆ ಮಿಡಿಮಾವಿನಕಾಯಿಯನ್ನು ಭರಣಿಗೆ ಹಾಕಿ ಬಲ್ಲ ನಮ್ಮ ಗೃಹಿಣಿಯರು ತಲೆದೂಗುವರು. ರಾತ್ರಿ ದೋಣಿಗಳಲ್ಲಿ ದೀಪವನ್ನುರಿಸಿ ಮೀನನ್ನು ಆಕರ್ಷಿಸಿ ಹಿಡಿಯುವರು. ಬೆಳಗಾದೊಡನೆ ಹೆಂಗಸರು ತಲೆಯನ್ನೂ ಕರುಳನ್ನೂ ಕೈಯಿಂದಲೇ ಬಿಡಿಸಿ, ಪೀಪಾಯಿಗಳಲ್ಲಿ ಒಂದು ಪದರ ಮೀನು, ಒಂದು ಪದರ ಉಪ್ಪು ಎಂದು ಒಪ್ಪವಾಗಿ ಜೋಡಿಸಿ, ಮೇಲೆ ಭಾರವನ್ನು ಹೇರುವರು. ಅದು ತಿಂಗಳುಗಟ್ಟಲೆ ತನ್ನ ಉಪ್ಪುನೀರಿನಲ್ಲಿಯೇ ಪಕ್ವವಾಗಬೇಕು. ಅವಸರ ಮಾಡಿದರೆ ಕೆಟ್ಟಿತು. ಕೈ ಶುದ್ಧವಾಗಿಲ್ಲದಿದ್ದರೂ ಕೆಟ್ಟಿತು. ಯವನರ ಪಟ್ಟಣದ ಅವಶೇಷಗಳಲ್ಲಿಯೂ ಮೀನಿಗೆ ಉಪ್ಪು ಹಾಕುತ್ತಿದ್ದ ಕಾರ್ಖಾನೆಯ ಕುರುಹುಗಳಿವೆ. ದೊರೆಗಳು ಬದಲಾದರು, ದೇವರುಗಳು ಬದಲಾದರು. ಉಪ್ಪಿನ ಕೆಲಸ ಮಾತ್ರ ಇಲ್ಲಿಗೆ ಪುನಃ ಬಂದು ಸೇರಿತು.

೧೮೭೯ರಲ್ಲಿ ಫಿಲಾಕ್ಸೆರ ಎಂಬ ಸೂಕ್ಷ್ಮಕೀಟವು ಎಂಪೊರ್ದಾ ಸೀಮೆಯ ದ್ರಾಕ್ಷಿಯ ಬೇರುಗಳನ್ನು ಹಿಡಿಯಿತು, ತೋಟಗಳು ನಾಶವಾದುವು. ಇದಕ್ಕೆ ಹತ್ತು ವರ್ಷಗಳ ಹಿಂದೆ, ೧೮೬೯ರಲ್ಲಿ, ಲೆಸ್ಕಾಲದಲ್ಲಿ ಕತೆರಿನ ಅಲ್ಬೆರ್ತ್ ಎಂಬ ಮಹಿಳೆ ಜನಿಸಿದಳು. ೧೮೯೮ರಲ್ಲಿ ಶಿಶುಹತ್ಯೆಯನ್ನು ವಸ್ತುವಾಗಿ ಉಳ್ಳ ಅವಳ ನಾಟಕವೊಂದಕ್ಕೆ ಬಹುಮಾನ ಬಂತು. ಬರೆದವಳು ಹೆಣ್ಣೆಂದು ತಿಳಿದೊಡನೆ ಗುಲ್ಲೆದ್ದಿತು. ಅಂದಿನಿಂದ ಅವಳು ವಿಕ್ತೊರ್ ಕತಲಾ ಎಂಬ ಗಂಡಸಿನ ಹೆಸರಿನಲ್ಲಿಯೇ ಬರೆದು, ಕ್ಯಾಟಲನ್ ಸಾಹಿತ್ಯದಲ್ಲಿ ಅಗ್ರಸ್ಥಾನವನ್ನು ಪಡೆದಳು. ‘ಏಕಾಂತ’ ಎಂಬರ್ಥದ ಅವಳ ಪ್ರಸಿದ್ಧ ಕಾದಂಬರಿಯು ೧೯೦೫ರಲ್ಲಿ ಪುಸ್ತಕವಾಯಿತು. ಅದರ ನಾಯಿಕೆಯು ಕೊನೆಯಲ್ಲಿ ಗಂಡನನ್ನು ಬಿಟ್ಟು ಒಬ್ಬಳೇ ಹೊರಟುಹೋಗುವಳು. ಪರಸ್ಥಳದವರಿಗೆ ತೆರೆದ ಬಾಗಿಲು ಮನೆಮಗಳಿಗೆ ತೆರೆದಿತ್ತೇ ಎಂಬ ಪ್ರಶ್ನೆಯನ್ನು ಆ ಊರಿನವಳೇ ಕೇಳಿದಂತಾಯಿತು. ಆಕೆ ೧೯೬೬ರಲ್ಲಿ ಹುಟ್ಟೂರಿನಲ್ಲಿಯೇ ಕಾಲವಾದಳು.

೧೯೦೮ನೆಯ ವರ್ಷದಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದುವು. ಬಾರ್ಸಿಲೋನದ ಪುರಾತತ್ವಪ್ರಿಯರು ಪುಚ್ ಇ ಕದಫಾಲ್ಕ್ ಎಂಬ ಶಿಲ್ಪಶಾಸ್ತ್ರಜ್ಞನ ನೇತೃತ್ವದಲ್ಲಿ ಎಂಪೂರಿಯೆಸ್ಸಿನ ಉತ್ಖನನವನ್ನು ಆರಂಭಿಸಿದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಫೆರ್ರಾನ್ ಅಗುಲ್ಯೊ ಎಂಬ ಪತ್ರಿಕಾಕರ್ತನು ಈ ಬಂಡೆಗಲ್ಲಿನ ತೀರಕ್ಕೆ ‘ಕೋಸ್ತ ಬ್ರಾವ’, ಒರಟು ತೀರ, ಎಂದು ನಾಮಕರಣ ಮಾಡಿದನು. ಮೊದಲನೆಯದು ಊರಿನ ಭೂತಕಾಲವನ್ನು ತೆರೆಯಿತು, ಎರಡನೆಯದು ಭವಿಷ್ಯವನ್ನು. ಮರುವರ್ಷ ಅಕ್ಟೋಬರಿನಲ್ಲಿ ಮಣ್ಣಿನೊಳಗಿಂದ ಆಳೆತ್ತರವನ್ನು ಮೀರಿದ ಅಮೃತಶಿಲೆಯ ಮೂರ್ತಿಯೊಂದು ಹೊರಬಂದಿತು. ಅದನ್ನು ಯವನರ ಧನ್ವಂತರಿಯಾದ ಅಸ್ಕ್ಲೇಪಿಯಸ್ಸನೆಂದು ಗುರುತಿಸಿದರು. ಮೂರ್ತಿಯನ್ನು ಬಾರ್ಸಿಲೋನಕ್ಕೆ ಸಾಗಿಸಲಾಯಿತು. ೧೯೩೬ರಿಂದ ೧೯೩೯ರವರೆಗಿನ ಅಂತರ್ಯುದ್ಧ ಮುಗಿದ ಮೇಲೆ, ಸೋತ ಪಕ್ಷದ ಸೆರೆಯಾಳುಗಳಿಂದ ಇಲ್ಲಿಯ ಉತ್ಖನನವನ್ನು ಮಾಡಿಸಿದರು. ಇಂದು ಯಾತ್ರಿಕರು ವಿನೋದವಾಗಿ ತಿರುಗಾಡುವ ಬೀದಿಗಳಲ್ಲಿ ಕೆಲವನ್ನು ಅಗೆದು ತೆಗೆದವರು ಅವರೇ. ನೋಡಹೋಗುವವರು ಇದನ್ನು ನೆನೆಯುವುದು ಧರ್ಮ.

ಆಮೇಲೆ ನಾಲ್ಕನೆಯವನು ಬಂದನು. ಅವನ ಕೈಯಲ್ಲಿ ಕತ್ತಿಯಿಲ್ಲ, ಸರಕಿಲ್ಲ, ಹಣದ ಚೀಲವೊಂದೇ. ೧೯೫೦ರ ತರುವಾಯ, ಅದರಲ್ಲಿಯೂ ೧೯೬೦ರ ದಶಕದಲ್ಲಿ, ಉತ್ತರ ಯೂರೋಪಿನ ಚಳಿಯ ನಾಡುಗಳಿಂದ ಬಿಸಿಲನ್ನು ಹುಡುಕಿಕೊಂಡು ಜನರು ತಂಡೋಪತಂಡವಾಗಿ ಬರತೊಡಗಿದರು. ಬಲೆ ಒಣಗಿಸುತ್ತಿದ್ದ ದಡದಲ್ಲಿ ವಸತಿಗೃಹಗಳೆದ್ದುವು. ಬೆಸ್ತನ ಮಗನು ಹೋಟಲಿನ ನೌಕರನಾದನು. ಕೈಯಲ್ಲಿ ಕಾಸಾಡಿತು, ಮಕ್ಕಳು ವಿದ್ಯೆ ಕಲಿತರು. ಇದನ್ನು ಕೆಡುಕೆಂದು ಯಾರೂ ಹೇಳಲಾರರು. ಈಗ ಲೆಸ್ಕಾಲದ ಕಾಯಂ ನಿವಾಸಿಗಳು ಸುಮಾರು ೧೦,೦೦೦. ಬೇಸಿಗೆಯಲ್ಲಿ ಜನಸಂಖ್ಯೆ ಅದರ ಹಲವು ಪಟ್ಟಾಗುವುದು. ಊರಿನಲ್ಲಿ ವರ್ಷದುದ್ದಕ್ಕೂ ಒಲೆ ಉರಿಯುವ ಮನೆಗಳಿಗಿಂತ, ಪರಸ್ಥಳದವರು ರಜೆಗೆಂದು ಕೊಂಡು ಉಳಿದ ಕಾಲ ಬೀಗ ಹಾಕಿಡುವ ಮನೆಗಳೇ ಹೆಚ್ಚಾಗಿವೆ. ಚಳಿಗಾಲದಲ್ಲಿ ಉತ್ತರದ ಬಿರುಗಾಳಿಯು ಆ ಮುಚ್ಚಿದ ಕಿಟಕಿಗಳನ್ನು ಬಡಿಯುತ್ತದೆ, ತೆರೆಯುವವರಿಲ್ಲ. ಅಂದು ಯವನನು ಊರಿನವನಿಗೆ ಬಾಗಿಲು ಹಾಕಿದನು. ಇಂದೂ ಹೆಚ್ಚಿನ ಬಾಗಿಲುಗಳ ಬೀಗದಕೈ ಊರಿನವನ ಬಳಿ ಇಲ್ಲ.

ಹೀಗೆಂದು ಆ ಊರಿನವರು ಕೈಚೆಲ್ಲಿ ಕುಳಿತಿಲ್ಲ. ೧೯೯೨ರ ಜೂನ್ ೧೩ರಂದು, ಬಾರ್ಸಿಲೋನದ ಒಲಿಂಪಿಕ್ ಕ್ರೀಡೆಗಳಿಗಾಗಿ ಗ್ರೀಸಿನಿಂದ ಹಡಗಿನಲ್ಲಿ ತಂದ ಜ್ಯೋತಿಯನ್ನು ಎಂಪೂರಿಯೆಸ್ಸಿನ ದಡದಲ್ಲಿಯೇ ಇಳಿಸಿದರು. ಫೋಕೇಯದವರು ಬಂದ ಹಾದಿಯಲ್ಲಿಯೇ ಬೆಂಕಿಯೂ ಬರಲೆಂದು. ೧೯೯೭ರಿಂದ ಪ್ರತಿವರ್ಷ ಸೆಪ್ಟೆಂಬರಿನಲ್ಲಿ ಉಪ್ಪಿನ ಹಬ್ಬವನ್ನು ಆಚರಿಸುತ್ತಾರೆ. ಹಳೆಯ ಉಡುಪಿನಲ್ಲಿ ಹಡಗಿನಿಂದ ಉಪ್ಪನ್ನು ಇಳಿಸಿ, ಬಲೆ ಹೆಣೆದು, ಮೀನಿಗೆ ಉಪ್ಪು ಹಾಕುವ ಬಗೆಯನ್ನು ಮುದುಕರು ಮೊಮ್ಮಕ್ಕಳಿಗೆ ತೋರಿಸುವರು. ೨೦೦೮ರಲ್ಲಿ, ನೂರು ವರ್ಷಗಳ ಸುಮಾರಿಗೆ, ಅಸ್ಕ್ಲೇಪಿಯಸ್ಸಿನ ಮೂಲಮೂರ್ತಿಯು ಬಾರ್ಸಿಲೋನದಿಂದ ಹಿಂದಿರುಗಿ, ಹಳೆಯ ಸಂನ್ಯಾಸಿಮಠದಲ್ಲಿರುವ ಅಲ್ಲಿಯ ವಸ್ತುಸಂಗ್ರಹಾಲಯದಲ್ಲಿ ನೆಲೆಸಿತು. ಹೋದವರೆಲ್ಲರೂ ಹೋಗಿಯೇ ಬಿಡುವುದಿಲ್ಲವೆಂಬುದಕ್ಕೆ ಇದು ಶುಭಸೂಚನೆ.

ಅತಿಥಿಯನ್ನು ದೇವರೆಂದು ಕಾಣಬೇಕೆಂಬುದು ನಮ್ಮ ಹಿರಿಯರ ಉಪದೇಶ. ಆದರೆ ಅತಿಥಿಗೆ ಮಣೆ ಹಾಕಬೇಕಾದರೆ ಮೊದಲು ಮನೆಯಲ್ಲಿ ಮನೆಯವರಿರಬೇಕು. ಈ ಊರು ಯವನನನ್ನೂ ರೋಮನನನ್ನೂ ಅರಗಿಸಿಕೊಂಡುದು ಹೇಗೆಂದರೆ, ಬಂದವರು ಅಲ್ಲಿಯೇ ನಿಂತರು, ಅಲ್ಲಿಯೇ ದುಡಿದರು, ಅಲ್ಲಿಯೇ ಮಕ್ಕಳನ್ನು ಹಡೆದರು, ಅಲ್ಲಿಯೇ ಮಣ್ಣಾದರು. ಹದಿನೈದು ದಿನ ಇದ್ದು ಬೀಗ ಹಾಕಿಕೊಂಡು ಹೋಗುವವನೊಡನೆ ಬೆರೆಯುವುದು ಹೇಗೆ? ಎಂಪೂರಿಯೆಸ್ಸಿನ ಮಕ್ಕಳ ಮುಂದಿರುವ ಪ್ರಶ್ನೆ ಇದೇ. ಗೋಡೆಯನ್ನು ಕಟ್ಟಿ ಇದನ್ನು ಬಗೆಹರಿಸುವಂತಿಲ್ಲ. ಉಪ್ಪು ಹಾಕಿದ ಪದಾರ್ಥದಂತೆ ಊರೂ ನಿಧಾನವಾಗಿಯೇ ಪಕ್ವವಾಗತಕ್ಕದ್ದು. ನೆಲದ ಮೇಲೆ ಬರೆದ ಆ ಒಂದು ಪದವನ್ನು ಅವರು ಕಾಪಾಡಿಕೊಂಡಿದ್ದಾರೆ. ಅದನ್ನು ಬಂದವರಿಗೆ ಹೇಳುವ ಮನೆಯವರೂ ಅಲ್ಲಿ ಉಳಿಯಲಿ ಎಂದು ನಾವು ಹಾರೈಸುತ್ತೇವೆ.